ಬೀಡಿ ಬಿಟ್ಟವರ ಶುಗರ್ ಮಾತ್ರೆ

ಬೀಡಿ ಬಿಟ್ಟ ಮೇಲೆ ಮೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ ಎಂದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ: 'ಇಷ್ಟು ವರ್ಷದ ಚಟ, ದೇಹ ಕೇಳುತ್ತದೆ. ಒಂದು ಸೇದಿಬಿಡು, ಸರಿಹೋಗುತ್ತದೆ.' ಶಿಡ್ಲಘಟ್ಟದಲ್ಲಿ ಔಷಧಿ ಅಂಗಡಿ ನಡೆಸುವ ನನಗೆ ಈ ಉಪದೇಶ ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಬೀಡಿ ಬಿಟ್ಟವನು ಶುಗರ್ (ಮಧುಮೇಹ) ಕಾಯಿಲೆಗೆ ಯಾವ ಮಾತ್ರೆ ನುಂಗುತ್ತಿದ್ದಾನೆ ಎಂದು ಒಬ್ಬರೂ ವಿಚಾರಿಸುವುದಿಲ್ಲ.

ಬೀಡಿಯ ನಿಕೋಟಿನ್ ಒಳಹೋದರೆ ಅಡ್ರಿನಲಿನ್ ಏರುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತನಾಳ ಬಿಗಿಯುವುದರಿಂದ ಚರ್ಮದಡಿ ಚುಚ್ಚಿಕೊಂಡ ಇನ್ಸುಲಿನ್ ರಕ್ತಕ್ಕೆ ಸೇರುವುದೂ ನಿಧಾನ. ಹಾಗಾಗಿ ಸೇದುವವರಿಗೆ ಹಲವು ಸಲ ಹೆಚ್ಚು ಔಷಧಿ ಬೇಕಾಗುತ್ತದೆ. ಬಿಟ್ಟ ಮೇಲೆ ಕೆಲವೇ ವಾರಗಳಲ್ಲಿ ಈ ಅಡ್ಡಿ ಸಡಿಲವಾಗತೊಡಗುತ್ತದೆ, ಮಾತ್ರೆ ಮಾತ್ರ ಹಳೆಯ ಲೆಕ್ಕದಲ್ಲೇ ಇರುತ್ತದೆ. ಆಗ ಶುಗರ್ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಎಚ್ಚರ ಬೇಕು.

ಮೊನ್ನೆ ಒಬ್ಬ ರೈತರು ನಸುಕಿನಲ್ಲೇ ಮಾರುಕಟ್ಟೆಗೆ ರೇಷ್ಮೆ ಗೂಡು ತಂದಿದ್ದರು. ಮಾತ್ರೆ ನುಂಗಿದ್ದರು, ತಿಂಡಿ ತಿಂದಿರಲಿಲ್ಲ. ಅಂಗಡಿ ಮೆಟ್ಟಿಲಲ್ಲಿ ಕುಸಿದು ಕೂತರು, ಅಂಗಿ ಒದ್ದೆ. 'ಬೀಡಿ ಬಿಟ್ಟಿದ್ದೇ ತಪ್ಪಾಯಿತು ನೋಡಿ ಅಣ್ಣಾ' ಎಂದರು ಅವರ ಹೆಂಡತಿ. ಬೆರಳು ಚುಚ್ಚಿ ನೋಡಿದರೆ ಶುಗರ್ 58, ತೀರ ಕಡಿಮೆ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದೆ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಏರಿತ್ತು. ಆ ಹೊತ್ತಿನಲ್ಲಿ ಬೀಡಿ ಹಚ್ಚಿ ಕೊಟ್ಟಿದ್ದರೆ? ನಿಕೋಟಿನ್ ಸಿಗದಿದ್ದರೂ ಕೈ ನಡುಗುತ್ತದೆ, ಹಸಿವಾಗುತ್ತದೆ, ಸಿಟ್ಟು ಬರುತ್ತದೆ. ಶುಗರ್ ಇಳಿದಾಗಲೂ ಅದೇ ಪಾಡು. ಒಂದು ಹನಿ ರಕ್ತ ಪರೀಕ್ಷಿಸದೆ ಎರಡನ್ನೂ ಬೇರೆ ಮಾಡಲಾಗದು. 70ಕ್ಕಿಂತ ಕಡಿಮೆ ಬಂದರೆ ಅದು ಚಟದ ಕಾಟವಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

 

ಹಾಗೆಂದು ಬಿಟ್ಟವರೆಲ್ಲರ ಶುಗರ್ ಇಳಿದೇಬಿಡುತ್ತದೆ ಎಂದಲ್ಲ. ನಾಲಿಗೆಗೆ ರುಚಿ ಮರಳುತ್ತದೆ, ಬಾಯಿ ಸುಮ್ಮನಿರುವುದಿಲ್ಲ, ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುತ್ತದೆ. ಕೆಲವರಿಗೆ ಶುಗರ್ ಕೆಲವು ಕಾಲ ಹೆಚ್ಚೇ ಆಗುತ್ತದೆ. ಆದ್ದರಿಂದ ಮಾತ್ರೆಯನ್ನು ತಾವೇ ಅರ್ಧ ಮಾಡಿಕೊಳ್ಳುವ ಜಾಣತನವೂ ಬೇಡ. ಕಾಫಿಯದು ಇನ್ನೊಂದು ಕಥೆ: ಹೊಗೆಯಲ್ಲಿನ ರಾಸಾಯನಿಕಗಳಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟ ಮೇಲೆ ಅದೇ ಎರಡು ಲೋಟ ಕಾಫಿ ಎದೆ ಡವಗುಟ್ಟಿಸಬಹುದು.

ನನ್ನ ತಕರಾರು ಚೀಟಿ ಬರೆಯುವ ವೈದ್ಯರ ಮೇಲೂ ಇದೆ. 'ಬೀಡಿ ಬಿಡಿ' ಎಂದು ಗದರಿಸುತ್ತಾರೆ. ಬಿಟ್ಟ ಮೇಲೆ ಎಷ್ಟು ದಿನಕ್ಕೊಮ್ಮೆ ಶುಗರ್ ನೋಡಬೇಕು, ಡೋಸ್ ಬದಲಿಸಲು ಯಾವಾಗ ಬರಬೇಕು ಎಂದು ಚೀಟಿಯಲ್ಲಿ ಬರೆದದ್ದನ್ನು ನಾನು ಕಂಡದ್ದು ತೀರ ಕಡಿಮೆ. ಬಿಡಲು ತೀರ್ಮಾನಿಸಿದವರು ಮೊದಲೇ ಹೋಗಿ ಕೇಳಿ ಬರೆಸಿಕೊಳ್ಳಿ. ಬಿಡಲು ನೆರವು ಬೇಕಾದರೆ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ದುಡ್ಡು ಬೇಕಿಲ್ಲ.