ಪೆಟ್ರೋಲ್ ಹಾಕ್ಸೋಕೆ ಮಾತ್ರ ಹೊರಗೆ ಬರೋ ಕಾರು

ನಮ್ ದೇಶದಲ್ಲಿ ಕಾರಿಗೆ ವಯಸ್ಸಾಗೋ ಲೆಕ್ಕಾನೇ ಬೇರೆ. 15 ದಾಟ್ತೋ, ಅದು ಪರಿಸರದ ಶತ್ರು. ಡೆಲ್ಲಿಲಂತೂ 2025ರ ಜುಲೈನಲ್ಲಿ ಅಂಥ ಗಾಡಿಗೆ ಬಂಕಲ್ಲಿ ಪೆಟ್ರೋಲೇ ಹಾಕಲ್ಲ ಅಂದ್ಬಿಟ್ರು, ಜನ ಬೊಬ್ಬೆ ಹೊಡೆದ್ಮೇಲೆ ಕೆಲವೇ ದಿನಕ್ಕೆ ಕೈಬಿಟ್ರು. ಅದೇ ಕಾರು ಹೆಂಗೋ ಉಸಿರು ಬಿಗಿ ಹಿಡ್ಕೊಂಡು 50 ದಾಟ್ಬಿಟ್ರೆ ವಿಂಟೇಜು, ದೇಶದ ಪರಂಪರೆ! ಮಧ್ಯದ 35 ವರ್ಷ ಎಲ್ಲಿ ಅವಿತ್ಕೊಂಡಿರಬೇಕು ಅಂತ ಮಾತ್ರ ಯಾರೂ ಹೇಳಲ್ಲ.

ಈ ಪರಂಪರೆ ಯೋಗ ಬಂದಿರೋರಲ್ಲಿ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನೋರೂ ಇದಾರೆ. ಉದಾಹರಣೆಗೆ ಎಂಜಿ ಕಂಪನಿಯ ಎಂಜಿಬಿ ತಗೊಳ್ಳಿ. 1962ರಿಂದ 1980ರ ತನಕ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 5 ಲಕ್ಷದ ಮೇಲೆ ಮಾಡಿದ್ರು, ಬಹುಪಾಲು ಅಮೆರಿಕಾಗೇ ಹೋಯ್ತು. ಮೊದ್ಲು ಇಲ್ಲಿಗೆ ವಿಂಟೇಜ್ ಅಂತ ತರಿಸ್ಬೇಕಂದ್ರೆ 1950ಕ್ಕಿಂತ ಹಿಂದಿನದಾಗಿರ್ಬೇಕಿತ್ತು, 2025ರಲ್ಲಿ ರೂಲ್ ಸಡಿಲ ಮಾಡಿ 50 ವರ್ಷ ಆಗಿದ್ರೆ ಸಾಕು ಅಂದ್ರು. ಸಂತೋಷ. ಬಂದ್ಮೇಲೆ ಏನ್ ಮಾಡ್ಬಹುದು ಅಂತ 2021ರ ವಿಂಟೇಜ್ ನಿಯಮ ಹೇಳುತ್ತೆ, ಅದನ್ನ ಓದೋಕೆ ಸ್ವಲ್ಪ ಧೈರ್ಯ ಬೇಕು.

20,000 ರೂಪಾಯಿ ಕಟ್ಟಿ, ಕೆಎ ಪಕ್ಕ ವಿಎ ಅಂತಿರೋ ಸ್ಪೆಷಲ್ ನಂಬರ್ ಪ್ಲೇಟ್ ಹಾಕ್ಕೊಂಡ್ಮೇಲೆ ದಿನಬಳಕೆಗೆ ರಸ್ತೆಗೆ ತರಂಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಮೇಂಟೆನೆನ್ಸ್, ಮತ್ತೆ ಪೆಟ್ರೋಲ್ ಹಾಕ್ಸೋದು, ಇಷ್ಟಕ್ಕೆ ತರ್ಬಹುದು. ಅಂದ್ರೆ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸ್ಕೊಂಡು ಮನೆಗೆ ಬನ್ನಿ, ಆ ಪೆಟ್ರೋಲ್ ಖಾಲಿಯಾಗ್ಬೇಕಂದ್ರೆ ಮತ್ತೆ ಬಂಕಿಗೇ ಹೋಗ್ಬೇಕು! ಅಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲು, ಆ ಎಥನಾಲು ಆ ಕಾಲದ ರಬ್ಬರ್ ಪೈಪುಗಳನ್ನ ತಿನ್ನುತ್ತೆ, ಸೋ ಬಂಕಿಂದ ನೇರ ಮೆಕ್ಯಾನಿಕ್ ಹತ್ರ, ಅದಕ್ಕೂ ಪರ್ಮಿಷನ್ ಇದೆ. ಈ ನಿಯಮ ಬರೆದೋರಿಗೆ ಬ್ರಿಟಿಷ್ ಕಾರಿನ ಜಾತಕ ಗೊತ್ತಿತ್ತು ಅನ್ಸುತ್ತೆ, ಅದು ಹೆಂಗಿದ್ರೂ ಮೇಂಟೆನೆನ್ಸ್‌ಗೆ ಬಿಟ್ರೆ ಬೇರೆ ಎಲ್ಲಿಗೂ ಹೋಗಲ್ಲ.

ಸಂಶೋಧನೆಗೂ ಕೊರತೆ ಇಲ್ಲ. ಇಂಗ್ಲೆಂಡಿನ ಚಳಿಗೆ ಮಾಡಿದ ಎಂಜಿನ್ನು, 1975ರ ಕಾರಲ್ಲಿ ಫ್ಯಾನ್ ತಿರುಗ್ಸೋದೂ ಎಂಜಿನ್ ಬೆಲ್ಟೇ, ಜಾಮಲ್ಲಿ ನಿಂತ್ರೆ ಫ್ಯಾನೂ ಆಕಳಿಸ್ತಾ ತಿರುಗುತ್ತೆ, ಹಂಗಾಗಿ ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡಲ್ಲಿ ಎಷ್ಟು ನಿಮಿಷಕ್ಕೆ ನೀರು ಕುದಿಯುತ್ತೆ ಅನ್ನೋದು ಶುದ್ಧ ವಿಜ್ಞಾನ. ಪೊಲೀಸಪ್ಪ ಬಂದು "ಎಲ್ಲಿಗ್ ಹೊರಟ್ರಿ ಸಾರ್?" ಅಂದ್ರೆ "ರಿಸರ್ಚು" ಅನ್ನಿ, ಬಾನೆಟ್ಟಿಂದ ಏಳ್ತಿರೋ ಹಬೆನೇ ಸಾಕ್ಷಿ. ಸಂಜೆ ಆದ್ರೆ ಇನ್ನೊಂದು ಪ್ರಯೋಗ, ಲೈಟು ಹತ್ತುತ್ತಾ ಇಲ್ವಾ. ಎಲೆಕ್ಟ್ರಿಕಲ್ ಸಾಮಾನು ಮಾಡಿದ ಲೂಕಾಸ್ ಕಂಪನಿಗೆ ಕಾರಿನೋರು ಇಟ್ಟಿರೋ ಅಡ್ಡಹೆಸ್ರೇ ಕತ್ತಲೆಯ ರಾಜಕುಮಾರ.

ಇದೆಲ್ಲಾ ಹೋಗ್ಲಿ, ಕಾರು ಮೂಲ ರೂಪದಲ್ಲೇ ಇರ್ಬೇಕಂತೆ, ಚಾಸಿ, ಬಾಡಿಶೆಲ್ (ಕಾರಿನ ತಗಡಿನ ಮೈ), ಎಂಜಿನ್‌ಗೆ ದೊಡ್ಡ ರಿಪೇರಿ ಆಗಿರಬಾರದಂತೆ. ಸ್ವಾಮಿ, ತುಕ್ಕು ಹಿಡಿಯೋದೇ ಎಂಜಿಬಿಯ ಮೂಲ ರೂಪ! ಹಳೇವು ಉದುರಿ ಹೋಗ್ತವೆ ಅಂತ್ಲೇ ಇಂಗ್ಲೆಂಡಲ್ಲಿ 1988ರಿಂದ ಪೂರ್ತಿ ಬಾಡಿಶೆಲ್ಲೇ ಹೊಸ್ದಾಗಿ ಮಾಡಿ ಮಾರ್ತಿದಾರೆ. ಹೆತ್ತೋರೇ ಕೈಚೆಲ್ಲಿದ ತಗಡನ್ನ ನಮ್ ಆರ್‌ಟಿಓ ಮಾತ್ರ ಹಾಗೇ ಇಟ್ಕೊಂಡ್ ಬನ್ನಿ ಅಂತಿದೆ.

ಈಗ ಎಂಜಿ ಹೆಸರು ಚೀನಾ ಕಂಪನಿ ಕೈಲಿದೆ, ಇಲ್ಲಿ ಮಾರೋ ಬಹುಪಾಲು ಕಾರು ತಯಾರಾಗೋದು ಗುಜರಾತಿನ ಹಾಲೋಲ್‌ನಲ್ಲಿ, ಸೈಬರ್‌ಸ್ಟರ್ ಅಂತ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರೂ 2025ರಲ್ಲಿ ನಮ್ ದೇಶಕ್ಕೆ ಬಂದಿದೆ. ಅದು ವಿಂಟೇಜ್ ಆಗೋದು 2075ಕ್ಕೆ. ಪೆಟ್ರೋಲ್ ಹಾಕ್ಸೋಕೆ ಹೊರಗೆ ಬರ್ಬಹುದು ಅಂತಿದೆಯಲ್ಲ, ಚಾರ್ಜ್ ಮಾಡ್ಸೋಕೆ ಬರ್ಬಹುದಾ ಅಂತ ಈಗ್ಲೇ ಒಂದು ಅರ್ಜಿ ಹಾಕಿಡಿ, ಆ ಹೊತ್ತಿಗೆ ಉತ್ತರ ಬಂದ್ರೂ ಬರ್ಬಹುದು.