ಮಬ್ಬಿಗೆ 50ರಲ್ಲಿ 3 ಅಂಕ

ತಾವೇ ಬಿಯರ್ ತಯಾರಿಸುವ ಪುಣೆಯ ಬ್ರೂಪಬ್‌ಗಳಲ್ಲಿ ಹೇಜಿ ಐಪಿಎ, ಅಂದರೆ ಹಾಪ್ಸ್ ಎಂಬ ಹೂವಿನ ಘಮ ತುಂಬಿದ ಮಬ್ಬು ಬಿಯರ್, ಟೇಬಲ್ಲಿಗೆ ಬಂತೆಂದರೆ ಮೊದಲು ಫೋಟೊ, ಆಮೇಲೆ ಗುಟುಕು. ಗ್ಲಾಸಿನಾಚೆ ಏನೂ ಕಾಣದಷ್ಟು ಮಬ್ಬಾಗಿದ್ದರೆ ಒಳ್ಳೆಯ ಬಿಯರ್ ಅಂತ ಅಲ್ಲೇ ತೀರ್ಪು. ಇದಕ್ಕೆ ನನ್ನ ತಕರಾರಿದೆ. ಸ್ಪರ್ಧೆಗಳಲ್ಲಿ ಬಳಸುವ, ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕ. ಘಮಕ್ಕೆ 12, ರುಚಿಗೆ 20, ಬಾಯಲ್ಲಿ ಅದು ಹೇಗೆ ಕೂರುತ್ತದೆ ಅನ್ನುವುದಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3, ಅದರಲ್ಲೂ ಬಣ್ಣಕ್ಕೆ, ನೊರೆಗೆ ಪಾಲು ಹೋಗಬೇಕು.

ಈ ಮಬ್ಬು ಬರುವುದು ಓಟ್ಸ್, ಗೋಧಿಗಳ ಪ್ರೊಟೀನಿಗೆ ಹಾಪ್ಸ್‌ನ ಪಾಲಿಫಿನಾಲ್ (ಒಗರು ಕೊಡುವ ಅಂಶ) ಅಂಟಿಕೊಂಡಾಗ. ಅಂಥ ಮಬ್ಬು ಗ್ಲಾಸನ್ನು ಹತ್ತು ನಿಮಿಷ ಹಾಗೇ ಇಟ್ಟರೂ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರುತ್ತದೆ. ತಳದಲ್ಲಿ ಗಸಿ ಕೂತರೆ, ಹಸಿರು ಚುಕ್ಕೆಗಳು ತೇಲಿದರೆ ಅದು ಈಸ್ಟ್, ಹಾಪ್ಸ್ ಚೂರು. ನುಂಗಿದ ಮೇಲೆ ಗಂಟಲು ಕೆರೆದಂತಾಗುವುದು ಅದರಿಂದಲೇ. ಕ್ಯಾನನ್ನು ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಅಲ್ಲಾಡಿಸದೆ ಬಗ್ಗಿಸಿ, ಕೊನೆಯ ಒಂದು ಗುಟುಕಿನಷ್ಟು ಒಳಗೇ ಬಿಡಿ.

ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ರಕಾರ 5ರಿಂದ 8 ಶೇಕಡಾ ಆಲ್ಕೋಹಾಲ್ ಇರುವುದು ಸ್ಟ್ರಾಂಗ್ ಬಿಯರ್. ಆ 8ರ ಮಿತಿಯಲ್ಲಿ ಒಳ್ಳೆಯ ಡಬಲ್ ಐಪಿಎ (ಹಾಪ್ಸ್, ಆಲ್ಕೋಹಾಲ್ ಎರಡೂ ಹೆಚ್ಚಿರುವ ಐಪಿಎ) ಆಗುವುದಿಲ್ಲ ಎಂದು ಗೊಣಗುವವರಿದ್ದಾರೆ. ಹೇಜಿ ಶೈಲಿಗೆ ದಾರಿ ಮಾಡಿಕೊಟ್ಟ ಅಮೆರಿಕದ ವರ್ಮಾಂಟ್ ರಾಜ್ಯದ ಹೆಡಿ ಟಾಪರ್ ಬಿಯರ್ ಕೂಡ 8 ಶೇಕಡಾದ್ದೇ. ಹಾಗಾಗಿ ಆ ನೆಪ ನಡೆಯುವುದಿಲ್ಲ. ಆದರೆ ಅದರ ಕ್ಯಾನ್ ಮೇಲೆ 'ಕ್ಯಾನ್‌ನಿಂದಲೇ ಕುಡಿಯಿರಿ' ಎಂದು ಬರೆದಿರುವುದನ್ನು ಕಂಡು ನೀವೂ ಹಾಗೇ ಮಾಡಬೇಡಿ. ರುಚಿ ಅಳೆಯಬೇಕೆಂದರೆ ಗ್ಲಾಸ್ ಬೇಕೇ ಬೇಕು.

ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಗ್ಲಾಸ್ ತೆಗೆದುಕೊಳ್ಳಿ, ವೈನ್ ಗ್ಲಾಸಾದರೂ ನಡೆಯುತ್ತದೆ. ಸೋಪು ಉಳಿಯದಂತೆ ತೊಳೆಯಿರಿ. ಬಿಯರ್ ಸುರಿದ ಮೇಲೆ ಒಳಗೋಡೆಗೆ ಗುಳ್ಳೆಗಳು ಅಂಟಿ ನಿಂತರೆ ಗ್ಲಾಸ್ ಕೊಳೆಯಾಗಿದೆ ಎಂದೇ ಅರ್ಥ. ಫ್ರೀಜರ್‌ನಲ್ಲಿಟ್ಟ ಮಗ್ ಕೊಟ್ಟರೆ ವಾಪಸ್ ಕಳಿಸಿ. ಆ ತಂಪಿಗೆ ಘಮವೂ ಏಳುವುದಿಲ್ಲ, ದೋಷವೂ ಕಾಣುವುದಿಲ್ಲ. 7ರಿಂದ 10 ಡಿಗ್ರಿ ಸರಿ. ಫ್ರಿಜ್‌ನಿಂದ ತೆಗೆದು ಸುರಿದು ಹತ್ತು ನಿಮಿಷ ಬಿಟ್ಟರೆ ಹೆಚ್ಚುಕಡಿಮೆ ಅಷ್ಟಕ್ಕೆ ಬರುತ್ತದೆ. ಒಂದು ಸಲಕ್ಕೆ 150 ಎಂಎಲ್ ಸಾಕು. ಟೇಬಲ್ ಮೇಲಿನ ಠೇಚಾ (ಮೆಣಸಿನಕಾಯಿ ಚಟ್ನಿ), ಮಸಾಲಾ ಶೇಂಗಾ ಮುಟ್ಟಬೇಡಿ. ಖಾರದ ಉರಿಯ ಮೇಲೆ ಆಲ್ಕೋಹಾಲಿನ ಉರಿ ಬಿದ್ದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಒಣ ಪಾವ್ ಚೂರು, ನೀರು ಇದ್ದರಾಯಿತು.

ಆ ಹತ್ತು ನಿಮಿಷ ಕಾಯುವ ಮೊದಲೇ, ಸುರಿದ ತಕ್ಷಣ ಒಮ್ಮೆ ಮೂಸಬೇಕು, ಮೊದಲ ನಿಮಿಷದ ಘಮ ಆಮೇಲೆ ಸಿಗುವುದಿಲ್ಲ. ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ಒಂದು ಸುತ್ತು ತಿರುಗಿಸಿ, ಸಣ್ಣಸಣ್ಣದಾಗಿ ಎರಡು ಸಲ ಎಳೆದುಕೊಳ್ಳಿ. ಘಮಕ್ಕೆ ಹೆಸರಿಡಲು ನಮ್ಮ ಹಣ್ಣುಗಳೇ ಸಾಕು: ಮಾವು, ಸೀಬೆ, ಚಕ್ಕೋತ, ಅನಾನಸ್, ಕಿತ್ತಳೆ ಸಿಪ್ಪೆ. ಸಿಟ್ರಾ, ಮೊಸಾಯಿಕ್ ಹಾಪ್ಸ್‌ನಲ್ಲಿ ಇವು ಧಾರಾಳವಾಗಿ ಸಿಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ ವಾಸನೆ ಬಂದರೆ ಹಾಪ್ಸ್ ಕೊಯ್ಲು ತಡವಾಗಿರಬಹುದು.

ನಾನು ಅತಿ ಹೆಚ್ಚು ಹುಡುಕುವ ದೋಷ ಬೆಣ್ಣೆ, ಅಂದರೆ ಡೈಅಸಿಟೈಲ್. ಹೇಜಿಯಲ್ಲಿ ಇದು ಬರುವ ದಾರಿಯೇ ಬೇರೆ. ಡ್ರೈ ಹಾಪಿಂಗ್ ಮಾಡಿದಾಗ, ಅಂದರೆ ಕುದಿಸದೆ ಟ್ಯಾಂಕಿಗೇ ಹಾಪ್ಸ್ ಹಾಕಿದಾಗ, ಹಾಪ್ಸ್‌ನಲ್ಲಿರುವ ಕಿಣ್ವಗಳು ಹುದುಗದೆ ಉಳಿದ ಡೆಕ್ಸ್ಟ್ರಿನ್ ಎಂಬ ಪಿಷ್ಟದ ತುಣುಕುಗಳನ್ನು ಒಡೆದು ಸಕ್ಕರೆ ಮಾಡುತ್ತವೆ. ಈಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ. ಆ ಹುದುಗು ಮುಗಿಯುವ ಮೊದಲೇ ಟ್ಯಾಂಕ್ ತಂಪು ಮಾಡಿದರೆ ಈಸ್ಟ್ ಡೈಅಸಿಟೈಲನ್ನು ವಾಪಸ್ ಹೀರಿಕೊಳ್ಳುವುದಿಲ್ಲ, ಪಾಪ್‌ಕಾರ್ನ್ ಬೆಣ್ಣೆ ಬಿಯರಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಬ್ರೂ ಮಾಡುವವರು ಟ್ಯಾಂಕ್ ತಂಪು ಮಾಡುವ ಮುಂಚೆ ಒಂದು ಮಾದರಿಯನ್ನು ಮುಚ್ಚಿ 60 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು, ಆರಿಸಿ, ಬಿಸಿ ಮಾಡದ ಮಾದರಿಯ ಪಕ್ಕದಲ್ಲಿಟ್ಟು ಮೂಸಿ. ಬೆಣ್ಣೆ ಬಂದರೆ ಇನ್ನೂ ಕೆಲವು ದಿನ ಕಾಯಿರಿ.

ಬಾಯಿಗೆ ಬಂದಾಗ ಬಿಯರಿನ ಮೈ ಮೆತ್ತಗಿರಬೇಕು. ಬ್ರೂ ಮಾಡುವ ನೀರಿನಲ್ಲಿ ಸಲ್ಫೇಟಿಗಿಂತ ಕ್ಲೋರೈಡ್ ಹೆಚ್ಚು ಇಡುವುದು ಇದಕ್ಕೇ. ಹಾಗಂತ ಪಾಕವಾಗಬಾರದು. ಹೇಜಿ ಐಪಿಎಗೆ ಬಿಜೆಸಿಪಿ ಕೊಡುವ ಕೊನೆಯ ಗ್ರಾವಿಟಿ, ಅಂದರೆ ಹುದುಗಿದ ಮೇಲೆ ಉಳಿದ ಸಕ್ಕರೆಯನ್ನು ತೋರಿಸುವ ಸಾಂದ್ರತೆ, 1.010ರಿಂದ 1.015. ಅದಕ್ಕಿಂತ ಬಹಳ ಮೇಲೇ ನಿಂತುಬಿಟ್ಟರೆ ಎರಡನೇ ಗುಟುಕಿಗೇ ಸಾಕೆನಿಸುತ್ತದೆ. ಆಲ್ಕೋಹಾಲ್ ಎದೆಯಲ್ಲಿ ಬೆಚ್ಚಗೆ ಇಳಿದರೆ ತೊಂದರೆಯಿಲ್ಲ. ಮೂಗಿಗೆ ಥಿನ್ನರ್‌ನಂತೆ ಹೊಡೆದರೆ ಹುದುಗುವಾಗ ಬಿಸಿ ಏರಿ ಫ್ಯೂಸೆಲ್ ಎಂಬ ಘಾಟು ಆಲ್ಕೋಹಾಲ್ ಹುಟ್ಟಿದೆ. ಎಷ್ಟು ಹಾಪ್ಸ್ ಸುರಿದರೂ ಅದು ಮುಚ್ಚಿಹೋಗುವುದಿಲ್ಲ.

ಹಳತಾದ ಹೇಜಿ ಬಣ್ಣದಲ್ಲೇ ಸಿಕ್ಕಿಬೀಳುತ್ತದೆ: ಹಳದಿ ಹೋಗಿ ಬೂದು ಬೆರೆತ ಕಂದು. ಘಮದಲ್ಲಿ ಹಣ್ಣು ಸತ್ತು ಜೇನು, ಒದ್ದೆ ರಟ್ಟು ಉಳಿದಿರುತ್ತದೆ. ಆಮ್ಲಜನಕ, ಸೆಕೆ ಎರಡೂ ಇದರ ಶತ್ರುಗಳು. ಗೋವಾದಲ್ಲಾಗಲಿ ಮುಂಬೈಯಲ್ಲಾಗಲಿ ಅಂಗಡಿಯ ಶೆಲ್ಫ್ ಮೇಲಿನ ಕ್ಯಾನ್ ಬೇಡ, ಫ್ರಿಜ್‌ನೊಳಗಿನದ್ದು ಕೇಳಿ, ಪ್ಯಾಕ್ ಮಾಡಿದ ತಾರೀಖು ನೋಡಿ. ತಂಪಾಗಿಟ್ಟಿದ್ದರೂ ಮೂರು ತಿಂಗಳು ದಾಟಿದ್ದಕ್ಕೆ ದುಡ್ಡು ಕೊಡಬೇಡಿ. ಪಬ್‌ನ ನಲ್ಲಿಯಿಂದ ಗ್ರೌಲರ್‌ಗೆ (ಮನೆಗೊಯ್ಯುವ ದೊಡ್ಡ ಬಾಟಲಿಗೆ) ತುಂಬಿಸಿದ್ದಕ್ಕೆ ಆಗಲೇ ಗಾಳಿ ಸೇರಿರುತ್ತದೆ, ಅದನ್ನು ಅಂದೇ ಮುಗಿಸುವುದು ಒಳ್ಳೆಯದು.

ಒಬ್ಬರೇ ಮುಗಿಸಬೇಡಿ ಮತ್ತೆ. 500 ಎಂಎಲ್‌ನ 8 ಶೇಕಡಾ ಕ್ಯಾನ್‌ನಲ್ಲಿ 40 ಎಂಎಲ್ ಶುದ್ಧ ಆಲ್ಕೋಹಾಲ್ ಇದೆ, 30 ಎಂಎಲ್‌ನ ಮೂರು ಪೆಗ್ ವಿಸ್ಕಿಗೆ ಸಮ. ಮೂವರು ಹಂಚಿಕೊಂಡು, ಒಬ್ಬರದನ್ನೊಬ್ಬರು ನೋಡದೆ ಅಂಕ ಬರೆದು ಆಮೇಲೆ ಹೋಲಿಸಿ. ಗಾಡಿ ಮನೆಯಲ್ಲೇ ಇರಲಿ.