ಹಳೇ ಅಂಬಾಸಿಡರ್‌ಗೆ ಯಾವ ನೀರು, ಎಷ್ಟು ಕೂಲೆಂಟ್?

"ನಮ್ಮೂರಲ್ಲೇನು ಹಿಮ ಬೀಳುತ್ತಾ, ಆಂಟಿಫ್ರೀಜ್ ಯಾಕೆ?" ಎಂದು ರೇಡಿಯೇಟರ್ ನೀರಿಗೆ ಬೆರೆಸುವ ಕೂಲೆಂಟನ್ನೇ ಬೇಡವೆನ್ನುವವರು ಒಮ್ಮೆ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ನೋಡಿ. ಎಂಜಿನ್ ತಣ್ಣಗಿದ್ದಾಗ, ದಯವಿಟ್ಟು! ಬೆರಳಿಗೆ ಇಟ್ಟಿಗೆ ಬಣ್ಣದ ಕೆಸರು ಹತ್ತಿದರೆ ಅದೇ ಉತ್ತರ. ಹಳೇ 1489 ಸಿಸಿ ಎಂಜಿನ್‌ನಲ್ಲಿ ಸಿಲಿಂಡರ್‌ಗಳಿರುವ ಬ್ಲಾಕೂ ಅದರ ಮೇಲಿನ ಹೆಡ್ಡೂ ಎರಕದ ಕಬ್ಬಿಣ. ರೇಡಿಯೇಟರ್ ತಾಮ್ರ-ಹಿತ್ತಾಳೆ, ಬೆಸುಗೆ ಸೀಸ-ತವರದ್ದು. ಪ್ರೀಮಿಯರ್ ಪದ್ಮಿನಿ ಕಾರಿಗಾದರೆ ಹೆಡ್ ಅಲ್ಯೂಮಿನಿಯಂ, ಕಾಟ ಇನ್ನೂ ಜಾಸ್ತಿ. ತುಕ್ಕು ತಡೆಯುವ ಮದ್ದು ಇರುವುದು ಕೂಲೆಂಟ್ ಡಬ್ಬಿಯಲ್ಲಿ.

ನೀರಿನ ವಿಷಯದಲ್ಲಿ ರಾಜಿ ಬೇಡ. ಬೋರ್ ನೀರು ಗೀಸರ್ ಕಾಯಿಲ್‌ಗೆ ಏನು ಮಾಡುತ್ತದೋ ಎಂಜಿನ್ ಒಳಗೂ ಅದನ್ನೇ ಮಾಡುತ್ತದೆ, ಬಿಳಿ ಪೊರೆ ಕಟ್ಟಿ ಶಾಖ ಹೊರಹೋಗಲು ಬಿಡುವುದಿಲ್ಲ. ಕೂಲೆಂಟ್‌ನಲ್ಲಿ ಫಾಸ್ಫೇಟ್ ಇದ್ದರೆ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದೂ ಗಸಿಯಾಗಿ ತಳಕ್ಕಿಳಿಯುತ್ತದೆ. ಸಾಫ್ಟ್‌ನರ್ ನೀರಲ್ಲಿ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ, ಪೊರೆ ಕಟ್ಟದಿದ್ದರೂ ಲೋಹ ತಿನ್ನುತ್ತದೆ. ಮನೆಯ ಆರ್‌ಒದಲ್ಲಿ ಮಿನರಲ್ ಕಾರ್ಟ್ರಿಡ್ಜ್ ಇದ್ದರೆ ತೆಗೆದ ಲವಣವನ್ನೇ ಮತ್ತೆ ಸೇರಿಸಿದ ಹಾಗೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತನ್ನಿ, ಮುಗಿಯಿತು. ಆಸಿಡ್ ಡಬ್ಬಿ ಅಲ್ಲ, ಲೇಬಲ್ ಓದಿ. ಆದರೆ ಕೂಲೆಂಟ್ ಇಲ್ಲದೆ ಅದೊಂದನ್ನೇ ಹಾಕಿದರೆ ಕಬ್ಬಿಣ ತುಕ್ಕು ಹಿಡಿದೇ ಹಿಡಿಯುತ್ತದೆ.

ಕೂಲೆಂಟ್ ಬಣ್ಣ ನಂಬಬೇಡಿ, ಕಂಪನಿಗೊಂದು ಬಣ್ಣ. ಹಳೇ ಗಾಡಿಗೆ ಬೇಕಾದ್ದು ಸಿಲಿಕೇಟ್ ಇರುವ ಸಾಂಪ್ರದಾಯಿಕ ಎಥಿಲೀನ್ ಗ್ಲೈಕಾಲ್. "ಐದು ವರ್ಷ ಬಾಳಿಕೆ" ಎಂದು ಮಾರುವ ಒಎಟಿ (ತುಕ್ಕು ತಡೆಯಲು ಸಾವಯವ ಆಮ್ಲ ಬಳಸುವ) ಬಗೆಯದು ಹೊಸ ಗಾಡಿಗಳಿಗೆ ಸರಿ. ಸೀಸದ ಬೆಸುಗೆ, ಹಳೇ ಸೀಲ್‌ಗಳಿಗೆ ಅದನ್ನು ನಾನು ಹಾಕೆನ್ನುವುದಿಲ್ಲ. ಎರಡನ್ನೂ ಬೆರೆಸಲಂತೂ ಬೇಡ.

50-50 ಬೆರಕೆ ಸುಮಾರು ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟದು. ಬೆಂಗಳೂರಿಗೆ ಅದು ಯಾಕೆ? ಗ್ಲೈಕಾಲ್ ನೀರಿನಷ್ಟು ಶಾಖ ಹೊರಲಾರದು, ಟ್ರಾಫಿಕ್‌ನಲ್ಲಿ ನಿಂತ ಗಾಡಿಗೆ ನೀರೇ ಜಾಸ್ತಿಯಿರಬೇಕು. ಮೂರರಲ್ಲಿ ಒಂದು ಪಾಲು ಕೂಲೆಂಟ್ ಸಾಕು. ಕಾಲು ಭಾಗಕ್ಕಿಂತ ಇಳಿಸಿದರೆ ತುಕ್ಕು ತಡೆಯಲು ಸಾಲದು.

ಬದಲಿಸುವಾಗ ಹೆಚ್ಚಿನವರು ರೇಡಿಯೇಟರ್‌ನ ನಲ್ಲಿಯನ್ನು ಮಾತ್ರ ತಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ. ಕೆಸರು ಕೂತಿರುವುದು ಬ್ಲಾಕ್ ಒಳಗೆ, ಹಿಂಬದಿ ಸಿಲಿಂಡರ್ ಸುತ್ತ. ಬ್ಲಾಕ್ ಪಕ್ಕದ ಡ್ರೈನ್ ಬಿಚ್ಚಿ. ನೀರು ಬಾರದಿದ್ದರೆ ತಂತಿ ತೂರಿಸಿ ಕೆದಕಿ, ತುಕ್ಕಿನ ಹೆಂಟೆ ಉದುರುತ್ತದೆ. ಹೀಟರ್ ಇದ್ದರೆ ಅದರ ವಾಲ್ವ್ ತೆರೆದಿರಲಿ. ಎಂಜಿನ್ ಕಾಯುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ಥರ್ಮೋಸ್ಟಾಟ್ ವಾಲ್ವ್ ತೆಗೆದು, ಪೈಪ್ ಹಾಕಿ, ತಿಳಿನೀರು ಬರುವವರೆಗೆ ತೊಳೆಯಿರಿ. ರೇಡಿಯೇಟರ್‌ಗೆ ಮಾತ್ರ ಕೆಳಗಿನಿಂದ ಮೇಲಕ್ಕೆ ನೀರು ಬಿಡಿ. ಥರ್ಮೋಸ್ಟಾಟ್ ವಾಪಸ್ ಹಾಕಿ. "ನಮ್ಮ ಬಿಸಿಲಿಗೆ ಬೇಡ" ಅನ್ನುವ ಮಾತು ಕೇಳಬೇಡಿ, ಎಂಜಿನ್ ಸರಿಯಾಗಿ ಕಾಯದಿದ್ದರೆ ಆಯಿಲ್ ಕೆಡುತ್ತದೆ.

ತೊಳೆದ ನೀರು ಸ್ವಲ್ಪ ಒಳಗೇ ಉಳಿದಿರುತ್ತದೆ. ಹಾಗಾಗಿ ಮೊದಲು ಕೂಲೆಂಟಿನ ಪಾಲನ್ನು ಪೂರ್ತಿ ಸುರಿಯಿರಿ, ಒಟ್ಟು 6 ಲೀಟರ್ ಹಿಡಿಸಿದರೆ 2 ಲೀಟರ್, ಆಮೇಲೆ ಡಿಸ್ಟಿಲ್ಡ್ ವಾಟರ್. ನೀರು ಬೆರೆಸಿಯೇ ಮಾರುವ ರೆಡಿ ಮಿಕ್ಸ್ ಹಾಕಿದರೆ ಈ ಲೆಕ್ಕ ತಪ್ಪುತ್ತದೆ. ಓವರ್‌ಫ್ಲೋ ಬಾಟಲಿ ಇಲ್ಲದ ಗಾಡಿಗೆ ಕತ್ತಿನಿಂದ ಒಂದಿಂಚು ಕೆಳಗೇ ನಿಲ್ಲಿಸಿ, ಇಲ್ಲವಾದರೆ ಕಾದು ಹಿಗ್ಗಿ ರಸ್ತೆಗೆ ಚೆಲ್ಲುತ್ತದೆ. ವಾರದ ನಂತರ ಹೋಸ್ ಕ್ಲಿಪ್‌ಗಳನ್ನು ಮತ್ತೆ ಬಿಗಿ ಮಾಡಿ. ನೀರು ಸೋರದ ಸಂದಿನಲ್ಲೂ ಗ್ಲೈಕಾಲ್ ಜಿನುಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬಸಿದದ್ದು ಸಿಹಿ ವಿಷ, ನಾಯಿಗಳು ನೆಕ್ಕಿ ಸಾಯುತ್ತವೆ. ಬಕೆಟ್ ತೆರೆದಿಡಬೇಡಿ, ಮೋರಿಗೂ ಸುರಿಯಬೇಡಿ.